ನಾನೂರು ಕಲ್ಲುಗಳ ಹೆಸರು ನುಂಗಿದ ಒಂದೇ ಸಾಲಿನ ಕಮಾಂಡು

ವಡ್ಡು ಎಂಬ ಊರಿನ ಹುಡುಗಿ ಒಂದು ಫೋಟೊಕ್ಕೆ ಹೆಸರು ಬರೆದು ಮುಗಿಸುವಷ್ಟರಲ್ಲಿ ನಾನು ಒಂದು ಚಹಾ ಕುಡಿದು, ಲೋಟ ತೊಳೆದು, ಅವಳನ್ನು ಮನಸ್ಸಿನಲ್ಲೇ ನಾಲ್ಕು ಸಲ ಬೈದಿರುತ್ತಿದ್ದೆ. ಅವಳಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೆ ಆ ಬೈಗುಳಕ್ಕೂ ಒಂದು ಹೆಸರು ಕೊಟ್ಟು, ಸರಿಯಾದ ಫೋಲ್ಡರಿನಲ್ಲಿ ಇಟ್ಟು, ಮುಂದಿನದಕ್ಕೆ ಹೋಗಿರುತ್ತಿದ್ದಳು. ಅಂಥವಳು.

ನಮ್ಮ ಕೆಲಸ ಬುಕ್ಕಸಾಗರದ ಹತ್ತಿರ, ಹೊಳೆ ದಂಡೆಯ ಒಂದು ಹಳೇ ಕಲ್ಲುಮಂಟಪದ್ದು. ಹಂಪಿಗೆ ಬರುವವರು ಯಾರೂ ಇತ್ತ ತಿರುಗಿ ನೋಡುವುದಿಲ್ಲ, ಅಷ್ಟು ಸಣ್ಣದು. ಒಂದು ಮಗ್ಗಲು ಕುಸಿದು ವಾಲಿತ್ತು. ಪೂರ್ತಿ ಬಿಚ್ಚಿ, ತಳಪಾಯ ಗಟ್ಟಿ ಮಾಡಿ, ಪ್ರತಿ ಕಲ್ಲನ್ನೂ ಮೊದಲಿದ್ದ ಜಾಗಕ್ಕೇ ವಾಪಸ್ ಕೂರಿಸಬೇಕು. ಬಿಚ್ಚಿದ ಕಲ್ಲುಗಳನ್ನು ಹರವಲು ಪಕ್ಕದ ಗದ್ದೆಯನ್ನು ಅದರ ಯಜಮಾನರು ಬಿಟ್ಟುಕೊಟ್ಟಿದ್ದರು. ಊರಿನಲ್ಲಿ ಮಂಟಪದ ಉಸ್ತುವಾರಿಯೂ ಅವರದೇ. ಅವರದು ಎರಡೇ ಷರತ್ತು.

"ಕಾಲುವಿಗೆ ನೀರು ಬಿಟ್ಟ ದಿನ ನನ್ ಗದ್ದಿ ನನಗ ಖಾಲಿ ಆಗಿರ್ಬೇಕು. ಇನ್ನೊಂದು, ದೇವ್ರ ಕಲ್ಲಿನ ಮ್ಯಾಲೆ ಪೇಂಟ್ ಹಚ್ಚಿ ನಂಬರ್ ಗಿಂಬರ್ ಬರಿಯಾಂಗಿಲ್ಲ."

ಪೇಂಟು ಇಲ್ಲದಿದ್ದರೆ ನಂಬರಿಲ್ಲ. ಸೀಮೆಸುಣ್ಣದಲ್ಲಿ ಬರೆದದ್ದನ್ನು ಒಂದು ಅಡ್ಡಮಳೆ ತೊಳೆದುಕೊಂಡು ಹೋಯಿತು. ಹಾಗಾಗಿ ಯಾವ ಕಲ್ಲು ಎಲ್ಲಿಯದು ಎಂದು ಹೇಳಲು ಉಳಿದದ್ದು ಫೋಟೊ ಮಾತ್ರ. ಕಲ್ಲು ಇನ್ನೂ ಗೋಡೆಯಲ್ಲಿರುವಾಗಲೇ ಒಂದು ಫೋಟೊ, ಆ ಫೋಟೊಕ್ಕೆ ಒಂದು ಹೆಸರು. ಆ ಹೆಸರು ಹೋದರೆ ಗದ್ದೆಯಲ್ಲಿ ಮಂಟಪ ಇಲ್ಲ, ನಾನೂರಾ ಹನ್ನೆರಡು ಬಂಡೆ ಇವೆ, ಅಷ್ಟೆ. ಇದನ್ನು ನಮ್ಮ ಇಂಜಿನಿಯರ್ ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ಗಮನವಿಟ್ಟು ಕೇಳಿರಲಿಲ್ಲ. ಅವರು ವಡ್ಡಿನವಳನ್ನು "ಮೇಡಂ" ಅಂತಲೂ ನನ್ನನ್ನು "ಲೇ" ಅಂತಲೂ ಕರೆದದ್ದನ್ನು ಎಣಿಸುತ್ತ ನಿಂತಿದ್ದೆ. ಆ ದಿನದ ಲೆಕ್ಕ, ಮೇಡಂ ಏಳು, ಲೇ ಹನ್ನೊಂದು.

ಹೊಸಪೇಟೆಯ ಆಫೀಸಿಗೆ ಮೊದಲು ಸೇರಿದವನು ನಾನು. ಕಂಪ್ಯೂಟರ್ ಕೆಲಸಕ್ಕೆಂದು. ಅವಳು ಎರಡು ತಿಂಗಳು ತಡವಾಗಿ ಬಂದಳು, ಸಿವಿಲ್ ಡಿಪ್ಲೊಮಾ, ಅಪ್ಪ ಊರ ಪಕ್ಕದ ಉಕ್ಕಿನ ಫ್ಯಾಕ್ಟರಿ ಕೆಲಸಗಾರ. ಬಂದ ಮೊದಲ ವಾರದಲ್ಲೇ ಅಟ್ಟಣಿಗೆ ಹತ್ತಿ ದೊಡ್ಡ ಮೇಸ್ತ್ರಿಯ ಪಕ್ಕ ಕೂತಳು. ಕಂಪ್ಲಿಯ ಆ ಮುದುಕ ಇಡೀ ಜನ್ಮದಲ್ಲಿ ಯಾರ ಕೈಗೂ ಗೋಡೆಯ ನೇರ ನೋಡುವ ತನ್ನ ತೂಕದ ಗುಂಡು ಕೊಟ್ಟವನಲ್ಲವಂತೆ. ಇವಳ ಕೈಗೆ ಕೊಟ್ಟ. ನಾನು ಕೇಳಿದಾಗ, "ನೀ ಸುಮ್ಕ ನೆಳ್ಳಾಗ ಕುಂದ್ರಪಾ, ಬಿಸಿಲಿಗೆ ನಿನ್ ಕಂಪ್ಯೂಟರ್ ಕರಗೀತು" ಅಂದ. ವಡ್ಡಿನ ಕಡೆಯ ಕುಲುಮೆಗಳು ದೂರದಿಂದ ಕೆಂಪಗೆ ಕಾಣುತ್ತವಲ್ಲ, ಹತ್ತಿರದಿಂದ ನೋಡಬೇಕೆಂದರೆ ಆ ದಿನ ನನ್ನ ಹೊಟ್ಟೆಯೊಳಗೆ ಇಣುಕಬಹುದಿತ್ತು.

ಮೇಸ್ತ್ರಿಗೆ ಒಂದು ಪದ್ಧತಿ. ಕಲ್ಲುಗಳನ್ನು ನಂಬರಿನಿಂದ ಕರೆಯುವುದಿಲ್ಲ, ಸಂಬಂಧದಿಂದ ಕರೆಯುತ್ತಾನೆ.

"ಇದು ಅತ್ತಿ ಕಲ್ಲು, ಬರ್ಕೊ ತಂಗಿ. ಮ್ಯಾಲೆ ಕುಂತು ಭಾರ ಹಾಕ್ತೈತಿ. ಕೆಳಗಿಂದು ಸೊಸಿ ಕಲ್ಲು. ಹೊರ್ತೈತಿ, ಬಾಯಿ ಬಿಡಾಂಗಿಲ್ಲ."

"ಬಾಯಿ ಬಿಟ್ರ ಏನಾಕ್ಕೈತಿ ತಾತ?"

"ಮಂಟಪ ಬೀಳ್ತೈತಿ. ಈ ಸಲ ಯಾಕ ಬಿತ್ತು ಅಂದ್ಕೊಂಡಿ?"

ಎರಡು ಗೋಡೆ ಕೂಡುವಲ್ಲಿ ಇರುವುದು ಬೀಗರ ಕಲ್ಲು. ಸಂದಿಗೆ ತುರುಕಿದ ಸಣ್ಣದು ಕೂಸು ಕಲ್ಲು. ಮೂಲೆಯದು ಮೂಲಿ ಕಲ್ಲು. ಅವನು ಹೇಳಿದ್ದನ್ನು ಅವಳು ಹಾಗೆ ಹಾಗೆಯೇ ಬರೆಯುತ್ತಿದ್ದಳು: "ಅತ್ತಿ ಕಲ್ಲು 3 ಎಡ", "ಸೊಸಿ ಕಲ್ಲು 11 ಬಲ". ಪದ, ಖಾಲಿ ಜಾಗ, ಪದ, ಖಾಲಿ ಜಾಗ, ಅಂಕಿ, ಖಾಲಿ ಜಾಗ, ದಿಕ್ಕು. ಇಡುವ ಫೋಲ್ಡರಿಗೂ ಖಾಲಿ ಜಾಗ: "ಸಾಲು 4". ಸಂಜೆ ಫೋಟೊಗಳು ನನ್ನ ಡಿಸ್ಕಿಗೆ ಬರುತ್ತಿದ್ದವು. ಕ್ಯಾಮೆರಾದ ಕಾರ್ಡು ಖಾಲಿ ಮಾಡಲು ಅವಳು ಹಿಂದೆಮುಂದೆ ನೋಡಿದರೆ ನಾನು ಎದೆ ಉಬ್ಬಿಸುತ್ತಿದ್ದೆ.

"ಅಳಿಸು ಅಳಿಸು. ನನ್ ಡಿಸ್ಕ್‌ನ್ಯಾಗ ಬಂತು ಅಂದ್ರ ಡ್ಯಾಮಿನ್ಯಾಗ ನೀರು ನಿಂತಂಗ."

ಡ್ಯಾಮಿಗಾದರೂ ಕಾವಲುಗಾರರಿರುತ್ತಾರೆ.

ಬಿಚ್ಚುವ ಕೆಲಸ ಮುಗಿದ ದಿನ ಇಂಜಿನಿಯರ್ ನಮ್ಮಿಬ್ಬರನ್ನೂ ಕರೆದರು. ಕಟ್ಟುವಾಗ ಕೈಯಲ್ಲಿ ಹಿಡಿಯಲು ಎಲ್ಲ ಫೋಟೊಗಳ ಸಣ್ಣ ಪ್ರತಿ ಬೇಕು, ಸಾಲಿನ ಪ್ರಕಾರ ಅಚ್ಚು ಹಾಕಬೇಕು. ಅವಳು, "ನಾಕು ದಿನ ಬೇಕ್ರಿ ಸರ್, ಒಂದೊಂದಾಗಿ ಮಾಡ್ತೀನಿ" ಅಂದಳು. ನಾನು, "ಎರಡು ನಿಮಿಷ ಸಾಕ್ರಿ" ಅಂದೆ. ಇಂಜಿನಿಯರ್ ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಇಷ್ಟು ತಿಂಗಳುಗಳಲ್ಲಿ ಅವರು ನನಗಾಗಿ ಮೊದಲ ಸಲ ಹುಬ್ಬು ಏರಿಸಿದ್ದು. ಅದು ಇಳಿಯದಂತೆ ನೋಡಿಕೊಳ್ಳುವುದೇ ಬಾಳಿನ ಗುರಿ ಎನಿಸಿತು.

ಕೂತು ಮೊದಲ ಕಮಾಂಡು ಬರೆದೆ: ಪಟ್ಟಿಯಲ್ಲಿರುವ ಒಂದೊಂದು ಕಡತವನ್ನೂ ತೆಗೆದುಕೋ, ಸಣ್ಣದು ಮಾಡು. ಎಂಟರ್ ಒತ್ತಿದೆ. ಪರದೆಯ ತುಂಬ ದೂರು. "ಅತ್ತಿ" ಎಂಬ ಕಡತ ಇಲ್ಲ. "ಕಲ್ಲು" ಎಂಬ ಕಡತ ಇಲ್ಲ. "3" ಎಂಬ ಕಡತ ಇಲ್ಲ. "ಎಡ.jpg" ಇಲ್ಲ. ಗೈರುಹಾಜರಾದ ಮಕ್ಕಳ ಹೆಸರು ಕೂಗಿದ ಹಾಗಿತ್ತು. ನಾವು ಖಾಲಿ ಜಾಗವನ್ನು ಉಸಿರು ಅಂದುಕೊಳ್ಳುತ್ತೇವೆ, ಕಮಾಂಡು ಅದನ್ನು ಕತ್ತರಿ ಅಂದುಕೊಳ್ಳುತ್ತದೆ. ಒಂದು ಹೆಸರನ್ನು ನಾಲ್ಕು ತುಂಡು ಮಾಡಿ, ನಾಲ್ಕು ಬೇರೆ ಬೇರೆ ಕಡತಗಳೆಂದು ಹುಡುಕಿತ್ತು.

ನನ್ನ ತಪ್ಪೆಂದು ಒಪ್ಪಿಕೊಳ್ಳಲು ಐದು ನಿಮಿಷದ ಓದು ಸಾಕಿತ್ತು. ನಾನು ಎದ್ದು ಅವಳ ಟೇಬಲ್ಲಿಗೆ ಹೋದೆ.

"ಹೆಸರಿನ್ಯಾಗ ಇಷ್ಟು ಸ್ಪೇಸ್ ಯಾಕ್ ಬಿಡ್ತಿ? ತಗಿ ಎಲ್ಲಾ."

"ತಾತ ಹೇಳಿದಂಗ ಬರದೀನಿ. ತಾತ ಹೇಳೂ ಮುಂದ ನಡುವ ಉಸಿರು ತಗೊಂತಾನ."

"ಕಂಪ್ಯೂಟರಿಗೆ ಉಸಿರು ಇರಂಗಿಲ್ಲ."

ಒಳಗಿನಿಂದ ಇಂಜಿನಿಯರ್ ದನಿ ಬಂತು: "ಲೇ! ನಿನ್ ಕಮಾಂಡಿಗೆ ಓದಾಕ ಬರಲ್ಲ ಅಂದ್ರ ಅಕಿ ಯಾಕ ಹೆಸರು ಬದಲಿ ಮಾಡ್ಬೇಕು? ಮೇಡಂ, ನೀವು ಹಂಗೇ ಬಿಡ್ರಿ."

ಲೇ ಒಂದು, ಮೇಡಂ ಒಂದು. ಹುಬ್ಬು ಇಳಿದಿತ್ತು.

ಮರುದಿನ ಅವಳು ತಂಗಿಯ ನಿಶ್ಚಿತಾರ್ಥಕ್ಕೆಂದು ಎರಡು ದಿನ ರಜೆ ಹಾಕಿ ವಡ್ಡಿಗೆ ಹೋದಳು. ಆಫೀಸಿನಲ್ಲಿ ನಾನು, ಡಿಸ್ಕು ಮತ್ತು ಹೊಟ್ಟೆಕಿಚ್ಚು. ಅವಳು ಬರುವಷ್ಟರಲ್ಲಿ ಹೆಸರುಗಳನ್ನೆಲ್ಲ ಚೊಕ್ಕ ಮಾಡಿ, ಸಣ್ಣ ಪ್ರತಿ ತೆಗೆದು, ಅಚ್ಚು ಹಾಕಿ ಇಂಜಿನಿಯರ್ ಟೇಬಲ್ಲಿನ ಮೇಲಿಟ್ಟು ಕಾಲ ಮೇಲೆ ಕಾಲು ಹಾಕಿ ಕೂರಬೇಕು. ನನ್ನ ತರ್ಕ ಕೇಳಿ. ಎಲ್ಲವೂ ಕಲ್ಲೇ. ಎಲ್ಲವೂ ಕಲ್ಲಾದ ಮೇಲೆ ಪ್ರತಿಯೊಂದರ ಹೆಸರಿನಲ್ಲೂ "ಕಲ್ಲು" ಯಾಕೆ? ಮೊದಲ ಪದ ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರೆ ಖಾಲಿ ಜಾಗವೂ ಹೋಯಿತು, ಗೋಳೂ ಹೋಯಿತು. ಬರೆದೆ:

ls | while read a b; do mv "$a $b" "$a.jpg"; done

ಕನ್ನಡದಲ್ಲಿ ಹೇಳಬೇಕೆಂದರೆ ಹೀಗೆ: ಹೆಸರುಗಳ ಪಟ್ಟಿ ಕೊಡು. ಪ್ರತಿ ಹೆಸರಿನ ಮೊದಲ ಪದ ಒಂದು ಕೈಯಲ್ಲಿ, ಉಳಿದದ್ದೆಲ್ಲ ಇನ್ನೊಂದು ಕೈಯಲ್ಲಿ ಹಿಡಿ. ಹಳೇ ಹೆಸರಿನ ಕಡತಕ್ಕೆ ಮೊದಲ ಪದವನ್ನಷ್ಟೇ ಹೊಸ ಹೆಸರಾಗಿ ಇಡು. ಉದ್ಧರಣ ಚಿಹ್ನೆ ಬೇರೆ ಹಾಕಿದ್ದೆ, ಹಿಂದಿನ ದಿನದ ಪಾಠ ಕಲಿತ ಜಾಣ ನಾನು. ಮೂರು ಫೋಟೊ ಬೇರೆ ಇಟ್ಟು ಪರೀಕ್ಷೆಯನ್ನೂ ಮಾಡಿದೆ: ಒಂದು ಅತ್ತಿ, ಒಂದು ಮೂಲಿ, ಒಂದು ಕೂಸು. ಮೂರೂ ಲಕ್ಷಣವಾಗಿ ಹೊರಬಂದವು. ಖುಷಿಯಲ್ಲಿ ಒಂಬತ್ತು ಸಾಲಿನ ಒಂಬತ್ತೂ ಫೋಲ್ಡರಿನಲ್ಲಿ ಓಡಿಸಿದೆ. ನಕಲು ಇಟ್ಟುಕೊಳ್ಳಬೇಕು ಅನ್ನಿಸಲಿಲ್ಲ. ಒಂದೇ ಒಂದು ದೂರೂ ಬರಲಿಲ್ಲ. ಹದಿನೈದು ಸೆಕೆಂಡು. ಇಂಜಿನಿಯರಿಗೆ "ಆಯ್ತು ಸರ್" ಎಂದು ಮೆಸೇಜು ಕಳಿಸಿ, ಜೊತೆಗೆ ತೋಳು ಮಡಚಿ ತೋರಿಸುವ ಚಿತ್ರವನ್ನೂ ಕಳಿಸಿದೆ.

ಅವರು ಹತ್ತು ನಿಮಿಷದಲ್ಲಿ ಬಂದರು. "ನಾಕನೇ ಸಾಲು ತೋರ್ಸು."

ತೆಗೆದೆ. ಐವತ್ತೆರಡು ಫೋಟೊ ಇರಬೇಕಾದಲ್ಲಿ ಐದು ಇದ್ದವು. ಅತ್ತಿ, ಸೊಸಿ, ಬೀಗರ, ಕೂಸು, ಮೂಲಿ.

"ಉಳಿದಿದ್ದೆಲ್ಲಿ?"

"ಲೋಡ್ ಆಗಾಕತ್ತಾವ್ರಿ."

ಏನೂ ಲೋಡ್ ಆಗುತ್ತಿರಲಿಲ್ಲ. ಆ ಸಾಲಿನಲ್ಲಿ ಹದಿನಾಲ್ಕು ಅತ್ತಿಯರಿದ್ದರು. ಮೊದಲ ಅತ್ತಿ ಕಲ್ಲು "ಅತ್ತಿ" ಆಯಿತು. ಎರಡನೆಯದಕ್ಕೂ ಅದೇ ಹೆಸರು ಬಂದಾಗ ಕಂಪ್ಯೂಟರು ಜಗಳ ಮಾಡಲಿಲ್ಲ, ಕೇಳಲೂ ಇಲ್ಲ. ಮೊದಲಿನದನ್ನು ಅಳಿಸಿ ಅದರ ಜಾಗದಲ್ಲಿ ಎರಡನೆಯದನ್ನು ಕೂರಿಸಿತು. ಎರಡನೆಯದರ ಮೇಲೆ ಮೂರನೆಯದು. ಒಬ್ಬಳನ್ನೊಬ್ಬಳು ನುಂಗುತ್ತ ಹದಿನಾಲ್ಕು ಜನ ಒಬ್ಬಳಾದರು. ಪರೀಕ್ಷೆಗೆ ನಾನು ಒಂದೊಂದು ಜಾತಿಯದು ಒಂದೊಂದನ್ನೇ ಇಟ್ಟಿದ್ದರಿಂದ ಅಲ್ಲಿ ಯಾರಿಗೂ ಯಾರನ್ನೂ ನುಂಗುವ ಅವಕಾಶ ಇರಲಿಲ್ಲ. ಒಟ್ಟು ಎಣಿಸಿದೆ. ನಾನೂರಾ ಹನ್ನೆರಡು ಇದ್ದದ್ದು ನಲವತ್ತೊಂದು.

ಇಲ್ಲಿಯವರೆಗಿನದು ದಡ್ಡತನ. ಮುಂದಿನ ಹತ್ತು ನಿಮಿಷದ್ದಕ್ಕೆ ಆ ಹೆಸರು ಸಾಲದು.

ಇಂಜಿನಿಯರ್ ನನ್ನನ್ನು ಅನುಮಾನಿಸಲೇ ಇಲ್ಲ. ನನ್ನದು ಸಣ್ಣ ಪ್ರತಿ ತೆಗೆಯುವ ಕೆಲಸವಷ್ಟೇ, ಮೂಲ ಫೋಟೊಗಳ ಜವಾಬ್ದಾರಿ ಅವಳದು, ಹೊರಡುವ ಮುಂಚೆ ಕೊನೆಗೆ ಮುಟ್ಟಿದವಳೂ ಅವಳೇ ಎಂದುಕೊಂಡು ಫೋನು ತೆಗೆದು, ಸ್ಪೀಕರ್ ಹಾಕಿ ಟೇಬಲ್ಲಿನ ಮೇಲಿಟ್ಟರು. ನಾನು ಬಾಯಿ ಬಿಡಲಿಲ್ಲ. ಮರೆತೆನೆಂದಲ್ಲ, ಹೆದರಿಕೆಯೊಂದೇ ಅಲ್ಲ. ಒಳಗೆ ಒಂದು ಹುಳ ಲೆಕ್ಕ ಹಾಕುತ್ತಿತ್ತು: ಇದು ಅವಳ ತಲೆಗೆ ಬಂದರೆ ತೂಕದ ಗುಂಡು ಯಾರ ಕೈಗೆ ಬರುತ್ತದೆ? ಹಾಗೆ ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಯೋಚಿಸಿದ್ದು ನಿಜ.

ಅತ್ತ ಕಡೆ ನಿಶ್ಚಿತಾರ್ಥದ ಗದ್ದಲ. ಯಾರೋ ಪಾತ್ರೆ ಎಳೆಯುವ ಸದ್ದು.

"ಮೇಡಂ, ಫೋಟೊ ಹೋಗ್ಯಾವು. ನೀವು ಏನರ ಅಳಿಸೀರೇನು?"

ಅವಳು ಗದ್ದಲದಿಂದ ಸ್ವಲ್ಪ ಆಚೆ ಬಂದಳು. "ಇಲ್ರಿ ಸರ್. ಆದ್ರ ಹೊರಡೂ ಗಡಿಬಿಡ್ಯಾಗ ಏನರ ಮುಟ್ಟಿರಬೌದು, ನನಗ ಖಾತ್ರಿ ಇಲ್ಲ. ನಾ ಈಗ ಬಸ್ ಹತ್ತಿ ಬರ್ತೀನಿ. ಅಲ್ಲೀತನಕ ಕಂಪ್ಯೂಟರಿನವರಿಗೆ ನೋಡಾಕ ಹೇಳ್ರಿ. ಡಿಸ್ಕಿನ ಬಗ್ಗೆ ಅವರಿಗೆ ಭಾಳ ಗೊತ್ತೈತಿ."

ಹಿಂದಿನಿಂದ ಅವಳ ಅವ್ವ: "ಎಲ್ಲಿಗೆ ಹೊಂಟಿ? ಬೀಗ್ರು ಇನ್ನೂ ಊಟಕ್ಕ ಕುಂತಿಲ್ಲ!"

ಅವಳು ಬಸ್ ಹತ್ತುವುದರ ಒಳಗೆ ಹೇಳಬೇಕಿತ್ತು. ಹತ್ತಿದ ಮೇಲೆ ಹೇಳಿದರೆ ಹೇಳಿದ ಹಾಗಲ್ಲ.

"ಅಕಿ ಅಲ್ರಿ," ಅಂದೆ. "ನಾನು. ಹೆಸರು ಬದಲಿ ಮಾಡಾಕ ಹೋಗಿ ಎಲ್ಲಾ ಒಂದರ ಮ್ಯಾಲೊಂದು ಬಿದ್ದಾವ್ರಿ. ನಕಲು ಇಟ್ಟಿಲ್ಲ."

ಇಂಜಿನಿಯರ್ ನನ್ನನ್ನು ನೋಡಿದರು. ಆಮೇಲೆ ಫೋನನ್ನು ನೋಡಿದರು. ಸ್ಪೀಕರ್ ಇನ್ನೂ ಚಾಲೂ ಇತ್ತು. ಅವಳು ಬೈಯಲಿ ಎಂದು ಕಾದೆ, ಬೈದರೆ ಹಗುರಾಗುತ್ತಿತ್ತು.

"ಡಿಸ್ಕ್ ಬಿಚ್ಚಿ ಇಡ್ರಿ," ಅಂದಳು. "ಹೊಸದು ಏನೂ ಅದಕ್ಕ ಬರೀಬ್ಯಾಡ್ರಿ. ಬರದಷ್ಟೂ ಹಳೇದು ಹೋಗ್ತೈತಿ. ಕಾರ್ಡೂ ಹಂಗೇ ಇರ್ಲಿ. ನಾ ಊಟಕ್ಕ ಬಡಿಸಿ ನಾಳೆ ಬರ್ತೀನಿ."

ನೂರಕ್ಕೆ ನೂರು ಸರಿಯಾದ ಮಾತು. ನಾನು ಹೇಳಬೇಕಿದ್ದ ಮಾತು. ಮುಳುಗುತ್ತಿರುವವನಿಗೂ ದಡದ ಮೇಲಿನವರ ಈಜು ನೋಡಿ ಹೊಟ್ಟೆ ಉರಿಯುತ್ತದೆ ಎಂದು ಆಗ ತಿಳಿಯಿತು.

ಸಂಜೆ ಇಂಜಿನಿಯರ್ ನನ್ನನ್ನು ಬುಕ್ಕಸಾಗರಕ್ಕೆ ಕರೆದುಕೊಂಡು ಹೋಗಿ, "ಮೇಸ್ತ್ರಿಗೆ ನೀನ ಹೇಳು" ಎಂದು ಗಾಡಿಯಲ್ಲೇ ಕೂತರು. ಮೇಸ್ತ್ರಿ ಹೊಸ ಹಗ್ಗ ಬಿಚ್ಚುತ್ತಿದ್ದ. ಕೇಳಿಸಿಕೊಂಡು, ಹಗ್ಗವನ್ನು ಗದ್ದೆಯ ಬದುವಿನಲ್ಲಿ ಬಿದ್ದಿದ್ದ ಒಂದು ಒರಟು ಬಂಡೆಗೆ ಕಟ್ಟಿಸಿ, ಮೂರಾಳೆತ್ತರ ಎತ್ತಿಸಿ, ಅಲ್ಲಾಡಿಸಿ, ಇಳಿಸಿದ. ಮತ್ತೆ ಎತ್ತಿಸಿದ. ಇಳಿಸಿದ.

"ಇದು ಯಾವ ಕಲ್ಲು ತಾತ?" ಅಂದೆ, ಮಾತು ತೆಗೆಯಲು.

"ಇದು ಯಾರದೂ ಅಲ್ಲ. ಬಿದ್ರ ಅಳೂರಿಲ್ಲ." ಹಗ್ಗ ತಡವಿ ನೋಡಿದ. "ಹೊಸ ಹಗ್ಗಕ್ಕ ಮೊದಲನೇ ಸಲಕ್ಕ ಯಾರರ ದೇವ್ರ ಕಲ್ಲು ಕಟ್ತಾರೇನಲೇ?"

ಬೈಗುಳ ಅಷ್ಟೇ. ನಾನು ಅಲ್ಲಿಯವರೆಗೆ ಕೇಳಿದ ಎಲ್ಲ ಬೈಗುಳಗಳಿಗಿಂತ ಅದು ಉದ್ದವಾಗಿತ್ತು.

ಮರುದಿನ ಅವಳು ಬಂದಳು. ನಿಶ್ಚಿತಾರ್ಥದ ಲಾಡು ತಂದಿದ್ದಳು, ನನಗೂ ಒಂದು. ಇದನ್ನು ಕ್ಷಮೆ ಎನ್ನಬೇಕೋ ಶಿಕ್ಷೆ ಎನ್ನಬೇಕೋ ತಿಳಿಯದೆ ತಿಂದೆ. ಡಿಸ್ಕಿಗೆ ಕೈ ಹಾಕುವ ಮೊದಲು ಅದರ ಬೈಟು ಬೈಟಿನ ಪೂರ್ತಿ ನಕಲನ್ನು ಬೇರೆ ಡಿಸ್ಕಿಗೆ ತೆಗೆದೆವು. ಅಳಿಸಿಹೋದ ಚಿತ್ರಗಳನ್ನು ಹೆಕ್ಕುವ ತಂತ್ರಾಂಶವನ್ನು ಆ ನಕಲಿನ ಮೇಲೆ ಬಿಟ್ಟೆವು, ಕ್ಯಾಮೆರಾದ ಕಾರ್ಡಿನ ಮೇಲೂ ಬಿಟ್ಟೆವು. ಬೆಳಿಗ್ಗೆ ಹಚ್ಚಿದ್ದು ಸಂಜೆಗೆ ಮುಗಿಯಿತು. ಫೋಟೊಗಳು ಬಂದವು! ಕೆಲವು ಅರ್ಧ ಬೂದಿ ಬಣ್ಣ, ಕೆಲವು ಎರಡೆರಡು ಸಲ. ಒಂದೇ ತರಹದವನ್ನು ತೆಗೆದು ಎಣಿಸಿದರೆ, ಉಳಿದಿದ್ದವನ್ನೂ ಸೇರಿಸಿ, ನಾನೂರಾ ಮೂರು. ಒಂಬತ್ತು ಇಲ್ಲ.

ನಾನು ಕುಣಿಯಲು ಎದ್ದೆ. ಅವಳು ಪರದೆ ತೋರಿಸಿದಳು. f10482.jpg, f10967.jpg, f11340.jpg. ಇಂಥ ತಂತ್ರಾಂಶ ಚಿತ್ರವನ್ನು ತರುತ್ತದೆ, ಹೆಸರನ್ನು ತರುವುದಿಲ್ಲ. ಅಂದರೆ ಕಲ್ಲಿನ ಮುಖ ಸಿಕ್ಕಿತ್ತು, ಅದು ಯಾರ ಮಗಳು, ಯಾರ ಸೊಸೆ, ಎಡವೋ ಬಲವೋ ಅನ್ನುವುದು ಸಿಕ್ಕಿರಲಿಲ್ಲ. ಖಾಲಿ ಜಾಗ ಒಂದೂ ಇಲ್ಲದ ಹೆಸರುಗಳು. ನಾನು ಬೇಡಿಕೊಂಡಂಥವೇ.

ಮುಂದಿನ ಆರು ದಿನ ಗದ್ದೆಯ ಬದುವಿನಲ್ಲಿ ತಾಡಪಾಲಿನ ಕೆಳಗೆ ನಮ್ಮ ದರ್ಬಾರು. ಮೇಸ್ತ್ರಿ ಫೋಟೊ ನೋಡಿ ಹೆಸರು ಹೇಳುವುದು, ಅವಳು ಟೈಪ್ ಮಾಡುವುದು. ನನ್ನ ಪಾಲಿಗೆ ಪರದೆಯ ಮೇಲೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿಯುವ ಕೆಲಸ. "ನೀ ಕೀ ಮುಟ್ಟಬ್ಯಾಡ" ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಅವರಿಬ್ಬರೂ ತಾತ ಮೊಮ್ಮಗಳ ಹಾಗೆ ನಗುತ್ತ ಕೆಲಸ ಮಾಡುವುದನ್ನು ನೋಡುತ್ತ, ನಾನು ಕೊಡೆಯನ್ನು ಆಗಾಗ ಬೇಕೆಂದೇ ಒಂದು ಗೇಣು ಸರಿಸಿ ಮೇಸ್ತ್ರಿಯ ಬೋಳುತಲೆಗೆ ಬಿಸಿಲು ಬಿಡುತ್ತಿದ್ದೆ.

ಮೊದಲ ದಿನವೇ ತೊಡಕು ಬಂತು. ಕಲ್ಲಿನ ಜಾತಿಯನ್ನು ಮೇಸ್ತ್ರಿ ನೋಡಿದ ಕೂಡಲೇ ಹೇಳುತ್ತಿದ್ದ. ಎಷ್ಟನೆಯದು ಎಂದು ಹೇಳಲು ಆಗುತ್ತಿರಲಿಲ್ಲ.

"ಅತ್ತಿ ಹೌದು. ಆದ್ರ ಮೂರನೇಕಿನೋ ಆರನೇಕಿನೋ? ಎಲ್ಲಾ ಅತ್ತೆಂದ್ರೂ ಒಂದ ಮಾರಿ ಮಾಡ್ಕೊಂಡು ಕುಂತಾರ."

ಕೊಡೆ ಹಿಡಿದವನಿಗೆ ಯೋಚಿಸಲು ಬೇಕಾದಷ್ಟು ಪುರುಸೊತ್ತು. "ತಾತ, ಬಿಚ್ಚೂ ಮುಂದ ಎಲ್ಲಿಂದ ಶುರು ಮಾಡ್ತಿದ್ರಿ?" ಎಂದು ಕೇಳಿದೆ.

"ಇದೇನ್ ಕೇಳ್ತಿಯೋ. ಇಳಸೂ ಮುಂದ ಬಾಗಲ ಎಡದಿಂದ ಎಡಸುತ್ತು. ಏರಸೂ ಮುಂದ ಬಲಸುತ್ತು. ನಮ್ಮಪ್ಪನ ಕಾಲದಿಂದ ಹಂಗ."

"ಒಂದರ ಹಿಂದೊಂದು? ನಡುವ ಯಾವ್ದೂ ಬಿಡದಂಗ?"

"ಬಿಟ್ರ ಪಾಪ ಬರ್ತೈತಿ."

ಪ್ರತಿ ಫೋಟೊದ ಒಳಗೆ ಅದನ್ನು ತೆಗೆದ ಗಳಿಗೆ ದಾಖಲಾಗಿರುತ್ತದೆ. ಹೆಸರು ಹೋದರೂ ಅದು ಹೋಗಿರುವುದಿಲ್ಲ. ಮುದುಕ ಒಂದೂ ಕಲ್ಲು ತಪ್ಪಿಸದೆ ಎಡಸುತ್ತು ಬಂದಿದ್ದರೆ, ಗಳಿಗೆಯ ಪ್ರಕಾರ ಜೋಡಿಸಿದ ಫೋಟೊಗಳೇ ಗೋಡೆಯ ಸಾಲು. ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ಇವರು ಮುಟ್ಲಿ ತಾತ, ಒಂದೇ ಸಲ."

ಈ ಸಲ ನೇರ ಮೂಲದ ಮೇಲೆ ಓಡಿಸಲಿಲ್ಲ. ಇಪ್ಪತ್ತು ಫೋಟೊಗಳ ನಕಲನ್ನು ಬೇರೆ ಫೋಲ್ಡರಿನಲ್ಲಿ ಇಟ್ಟೆ. ಅವಕ್ಕೆ ಬೇಕೆಂದೇ ದರಿದ್ರ ಹೆಸರುಗಳನ್ನು ಕೊಟ್ಟೆ. ಒಂದರಲ್ಲಿ ಮೂರು ಖಾಲಿ ಜಾಗ, ಒಂದಕ್ಕೆ ಮುಂದೊಂದು ಹಿಂದೊಂದು, ಒಂದು ಅಡ್ಡಗೆರೆಯಿಂದ ಶುರು, ಒಂದರ ನಡುವೆ ಹೊಸ ಸಾಲೇ ಮುರಿದಿತ್ತು, ನಾಲ್ಕಕ್ಕೆ ಮೊದಲ ಪದ ಒಂದೇ. ಬಿದ್ದರೆ ಅಳುವವರಿಲ್ಲದ ಕಲ್ಲುಗಳು. ಅವುಗಳ ಮೇಲೆ ಒಂದು ಮಧ್ಯಾಹ್ನವಿಡೀ ಓಡಿಸಿ, ಮುರಿದು, ತಿದ್ದಿ, ಮತ್ತೆ ಓಡಿಸಿದೆ. ಕಡತದ ಹೆಸರಿನಲ್ಲಿ ಏನು ಬೇಕಾದರೂ ಬರಬಹುದು, ಓರೆಗೆರೆ ಮತ್ತು ಸೊನ್ನೆ ಬೈಟು ಎರಡನ್ನು ಬಿಟ್ಟು. ಹಾಗಾದರೆ ಒಂದು ಹೆಸರಿಗೂ ಇನ್ನೊಂದಕ್ಕೂ ನಡುವಿನ ಗೋಡೆ ಆ ಸೊನ್ನೆಯೇ ಆಗಲಿ. ಹೆಸರಿನೊಳಗೆ ಮೇಸ್ತ್ರಿ ಎಷ್ಟು ಬೇಕಾದರೂ ಉಸಿರು ತೆಗೆದುಕೊಳ್ಳಲಿ:

find . -name '*.jpg' -print0 | xargs -0 -n 1 ./sanna

ಕೊನೆಯಲ್ಲಿರುವುದು ಒಂದು ಫೋಟೊ ತೆಗೆದುಕೊಂಡು ಅದರ ಸಣ್ಣ ಪ್ರತಿ ಮಾಡುವ ನನ್ನ ಪುಟ್ಟ ಸ್ಕ್ರಿಪ್ಟು. ಗಳಿಗೆಯ ಪ್ರಕಾರ ಜೋಡಿಸಿ ಹೆಸರು ಬದಲಿಸುವ ಇನ್ನೊಂದು ಸ್ಕ್ರಿಪ್ಟಿನಲ್ಲಿ, ಆ ಹೆಸರಿನ ಕಡತ ಮೊದಲೇ ಇದ್ದರೆ ಮೇಲೆ ಬೀಳಬೇಡ, ನಿಂತು ಹೇಳು ಎಂದು ಬರೆದೆ. ಮೂಲ ಫೋಟೊಗಳಿಗೆ ಬರೆಯುವ ಹಕ್ಕನ್ನೇ ನನ್ನಿಂದ ಕಿತ್ತುಕೊಂಡೆ.

ಗಳಿಗೆಯ ಪ್ರಕಾರ ಜೋಡಿಸಿದ ಸಾಲನ್ನು ಮೇಸ್ತ್ರಿಗೆ ತೋರಿಸಿದಾಗ ಅವನು ಹೆಬ್ಬೆರಳಿನಿಂದ ಪರದೆ ಒರೆಸುತ್ತ, "ಹೌದೌದು, ಇಕಿ ಆದ ಮ್ಯಾಲೆ ಇಕಿ" ಎನ್ನುತ್ತ ಹೋದ. ಆರನೇ ದಿನ ನಾನೂರಾ ಮೂರಕ್ಕೂ ಹೆಸರು ಮರಳಿತ್ತು, ಎಲ್ಲ ಖಾಲಿ ಜಾಗಗಳ ಸಮೇತ. ಎಲ್ಲ ಮುಗಿದ ಮೇಲೆ ಮೇಸ್ತ್ರಿ ಅವಳ ತಲೆ ಸವರಿದ. "ಭಾಳ ಶ್ಯಾಣ್ಯಾಕಿ ನೀ." ಗಳಿಗೆ ನೋಡುವ ಉಪಾಯ ನನ್ನದು. ಕೊಡೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಕಟ್ಟುವ ಕೆಲಸ ಬಲಸುತ್ತು ಏರತೊಡಗಿತು. ಫೋಟೊ ಸಿಗದ ಒಂಬತ್ತು ಕಲ್ಲುಗಳನ್ನು ಬದುವಿನ ಮೇಲೆ ಬೇರೆ ಇಟ್ಟಿದ್ದೆವು. ಗೋಡೆ ಏರಿ ಖಾಲಿ ಬಿಟ್ಟ ಜಾಗಗಳು ಕಂಡಂತೆ ಮೇಸ್ತ್ರಿ ಅವುಗಳ ಅಂಚು ಸವರಿ, ಉಳಿ ತಾಗಿದ ಹಳೇ ಗುರುತು ನೋಡಿ, ಎಂಟನ್ನು ಕೂರಿಸಿದ. ಒಂಬತ್ತನೆಯದು ನಾಲ್ಕನೇ ಸಾಲಿನ ಮೂಲಿ ಕಲ್ಲು. ಎಡಮೂಲೆಗೆ ಇಟ್ಟರೆ ಕೂರಲೊಲ್ಲದು. ಬಲಮೂಲೆಗೆ ಇಟ್ಟರೆ ಕೂತಿತು, ಆದರೆ ಪಕ್ಕದಲ್ಲಿ ಕಡ್ಡಿ ಹೋಗುವಷ್ಟು ಸಂದು. ಅತ್ತ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದಿತ್ತು.

"ಇಲ್ಲಿದೇ ಅಂತೀರೇನು?" ಎಂದು ಇಂಜಿನಿಯರ್ ಕೇಳಿದರು.

"ಇರಬೌದ್ರಿ. ಬಗಲಾಗಿನ ಕಲ್ಲು ಸವದಿರಬೌದು. ತಲಿಕೆಳಗ ಇರಬೌದು. ಫೋಟೊ ಇದ್ದಿದ್ರ ಹೇಳ್ತಿದ್ದೆ." ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ಅದು ಅವನ ದೊಡ್ಡತನ. ಸಂದಿಗೆ ಸುಣ್ಣದ ಗಾರೆ ತುಂಬಿದ.

ಆ ಒಂಬತ್ತಕ್ಕೂ ಕೂರಿಸಿದ ಮೇಲೆ ಹೊಸ ಫೋಟೊ ತೆಗೆದೆವು. ಕೊನೆಯ ಪಟ್ಟಿ ಸಿದ್ಧವಾಗುವಾಗ ಇಂಜಿನಿಯರ್, "ಅದಕ್ಕೂ ಸುಮ್ನ ‘ಮೂಲಿ ಕಲ್ಲು ಬಲ’ ಅಂತ ಹಾಕ್ರಿ. ಯಾರಿಗೆ ಗೊತ್ತಾಗ್ತೈತಿ" ಅಂದರು. ಹಾಗೆ ಹಾಕಿದ್ದರೆ ಕಮಾಂಡೂ ಸರಿ, ಕೆಲಸವೂ ಸರಿ, ನಾನೂ ಸರಿ. ವಡ್ಡಿನವಳು ಟೈಪ್ ಮಾಡದೆ ಕೂತಳು. ನಾನು ಲ್ಯಾಪ್‌ಟಾಪ್ ಎಳೆದುಕೊಂಡೆ.

"ಸರ್, ನಾ ಹಾಕಂಗಿಲ್ರಿ. ಒಂದ್ ಸಲ ಹೆಸರು ಸಣ್ಣದು ಮಾಡಿ ನೋಡೀನಿ."

ಬರೆದೆ: "ಮೂಲಿ ಕಲ್ಲು ಬಲ ಜಾಗ ಖಾತ್ರಿ ಇಲ್ಲ.jpg". ಐದು ಖಾಲಿ ಜಾಗ. ಕಮಾಂಡು ಒಂದನ್ನೂ ಕತ್ತರಿಸದೆ ದಾಟಿಸಿತು. ಇಂಜಿನಿಯರ್ ಎದ್ದು ಹೊರಗೆ ಹೋದರು.

ಎರಡು ದಿನ ಬಿಟ್ಟು ಗದ್ದೆಯ ಯಜಮಾನರು ಮಂಟಪ ನೋಡಲು ಬಂದರು. ಪಟ್ಟಿಯನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಬೆರಳು ನಿಂತಿತು.

"ಇದ್ಯಾವ್ದು, ಖಾತ್ರಿ ಇಲ್ಲ ಅಂತ?"

ಕರೆದುಕೊಂಡು ಹೋಗಿ ತೋರಿಸಿದೆ. ಇದರ ಫೋಟೊ ಕಳೆದವನು ನಾನೇ ಎಂದೂ ಹೇಳಿದೆ. ಅವರು ಗಾರೆಯ ಗೆರೆಯನ್ನು ಉಗುರಿನಿಂದ ಗೀರಿದರು.

"ಮಳಿ ನೀರು ಇಳೀತೈತೇನು?"

"ಇಳಿಯಂಗಿಲ್ಲ," ಅಂದ ಮೇಸ್ತ್ರಿ.

"ನಾಳೆ ಯಾರರ ಬಂದು, ಇದು ಇಲ್ಲಿದಲ್ಲ ಅಂದ್ರ?"

"ಅವರು ಹುಡುಕೂದು ಬ್ಯಾಡ್ರಿ," ಅಂದೆ. "ಅನುಮಾನ ಇರೂದು ಇದೊಂದೇ ಅಂತ ಬರದಿಟ್ಟೀವಿ."

ಅವರು ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಗದ್ದೆಗೆ ಇಳಿದರು. ಕಲ್ಲುಗಳಿದ್ದ ಜಾಗಕ್ಕೆ ನೀರು ನುಗ್ಗುತ್ತಿತ್ತು, ಪಂಚೆ ಎತ್ತಿಕಟ್ಟಿ ಮಡೆ ತಿರುಗಿಸಿದರು. ಅಲ್ಲಿಂದಲೇ ತಲೆಯೆತ್ತಿ ವಡ್ಡಿನವಳ ಕಡೆ ಕೂಗಿದರು.

"ಆ ಖಾತ್ರಿ ಇಲ್ಲ ಅಂತ ಬರದೀಯಲ್ಲ ತಂಗಿ, ಭಾಳ ಚೊಲೋ ಮಾಡಿದಿ! ಅಷ್ಟು ನಿಯತ್ತು ಯಾರಿಗೈತಿ!"

ಇಡೀ ಕೆಲಸದಲ್ಲಿ ನಾನು ನೆಟ್ಟಗೆ ಬರೆದ ಒಂದೇ ಒಂದು ಹೆಸರು ಅದು.

"ನಾ ಅಲ್ರೀ! ಇವರು ಬರದಿದ್ದು!" ಎಂದು ಅವಳು ಕೂಗಿದಳು. ನೀರಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ, ಕೈ ಬೀಸಿ ಮುಂದೆ ಹೋದರು. ಅವಳು ಮತ್ತೆ ಕೂಗಲು ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. "ಇರ್ಲಿ ಬಿಡು" ಅಂದೆ, ತುಂಬ ದೊಡ್ಡ ಮನುಷ್ಯನ ಹಾಗೆ. ಒಂದು ನಿಮಿಷ ತಡೆದುಕೊಂಡೆ.

"ಇನ್ನೊಂದ್ ಸಲ ಕೂಗಿ ನೋಡು," ಅಂದೆ.

ಅಷ್ಟರಲ್ಲಿ ಅವರು ಆಚೆ ಬದು ದಾಟಿದ್ದರು.